ಎತ್ವ ಬಿಟ್ಟ ಹೆಸರು

ನೋಟೀಸಿನಲ್ಲಿ ಎರಡು ಅಚ್ಚಿನ ತಪ್ಪುಗಳಿದ್ದವು. ಅಕ್ಕನ ಮಗಳು ಅದನ್ನು ಓದಿ, ಮುಖ ಸಣ್ಣದು ಮಾಡಿಕೊಂಡು ನನ್ನ ಕೈಗೆ ಕೊಟ್ಟಾಗ ನಾನು ಮಾಡಿದ ಮೊದಲ ಕೆಲಸವೆಂದರೆ ಜೇಬಿನಿಂದ ಕೆಂಪು ಪೆನ್ನು ತೆಗೆದು ಆ ಎರಡಕ್ಕೂ ಸುತ್ತು ಹಾಕಿದ್ದು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಪ್ರೆಸ್ಸಿನಲ್ಲಿ ಮೊದಲು ಅಚ್ಚುಮೊಳೆ ಜೋಡಿಸಿದವನು, ಆಮೇಲೆ ಕರಡು ತಿದ್ದಿದವನು ನಾನು. ಅಂಗಡಿಯ ಬೋರ್ಡಿನಲ್ಲಿ ಒಂದು ದೀರ್ಘ ಬಿಟ್ಟುಹೋಗಿದ್ದರೂ ಒಳಗೆ ನುಗ್ಗಿ ಜಗಳವಾಡಿ ಬರುತ್ತೇನೆ. ಪ್ರೆಸ್ಸಿನವರು ನನ್ನನ್ನು ಕೊಂಬಣ್ಣ ಎನ್ನುತ್ತಿದ್ದರು. ಅಕ್ಷರದ ಕೊಂಬು ಬಿಟ್ಟರೆ ಇವನು ಬಿಡುವುದಿಲ್ಲ ಎನ್ನುವುದು ಒಂದು ಕಾರಣ, ತನಗೇ ಎರಡು ಕೊಂಬಿದೆ ಎಂದುಕೊಂಡಿದ್ದಾನೆ ಎನ್ನುವುದು ಇನ್ನೊಂದು. ಎರಡೂ ನಿಜವೇ.

ಮೂರನೆಯ ತಪ್ಪು ನೋಟೀಸಿನ ನಡುವೆ ದಪ್ಪ ಅಕ್ಷರದಲ್ಲಿತ್ತು. ಅದಕ್ಕೆ ಸುತ್ತು ಹಾಕಲು ಕೈ ಬರಲಿಲ್ಲ. ಅದು ನನ್ನದು.

‘ನರಳಿಲ್ಲದ ಮನೆ’ ಎಂಬ ಹೆಸರು ನಮ್ಮ ಕಂಪನಿಯ ಜನಪ್ರಿಯ ಟೀವಿ ಧಾರಾವಾಹಿಯದು, ಧಾರಾವಾಹಿ ಸಿನಿಮಾ ಪುಸ್ತಕ ಮೂರಕ್ಕೂ ನಾವು ಅದನ್ನು ನೋಂದಾಯಿಸಿಕೊಂಡಿದ್ದೇವೆ, ಅದೇ ಹೆಸರಿನಲ್ಲಿ ನೀವು ಕಾದಂಬರಿ ತರುತ್ತಿರುವುದು ಜನರನ್ನು ದಾರಿ ತಪ್ಪಿಸುವ ಕೆಲಸ, ಹದಿನೈದು ದಿನದೊಳಗೆ ಹೆಸರು ಬದಲಾಯಿಸಿ, ಇಲ್ಲವಾದರೆ ಕೋರ್ಟಿನಲ್ಲಿ ನೋಡಿಕೊಳ್ಳುತ್ತೇವೆ ಎಂದು ಅದರಲ್ಲಿತ್ತು.

ಕಾದಂಬರಿ ನನ್ನ ಅಕ್ಕನದು. ನಲವತ್ತು ವರ್ಷದ ಹಿಂದೆ ಮುನ್ನೂರು ಪ್ರತಿ ಅಚ್ಚಾಗಿ, ಆಮೇಲೆ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲದ ಪುಸ್ತಕ. ಅಕ್ಕ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸಕ್ಕಿದ್ದಳು. ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಮಧ್ಯಾಹ್ನದ ಬಿಡುವಿನಲ್ಲಿ ಬಿಸಿ ಹಬೆಯ ನಡುವೆ ಕೂತು, ಬೆವರಿಗೆ ಕಾಗದ ಅಂಟಬಾರದೆಂದು ಮೊಣಕೈ ಕೆಳಗೆ ಒಣ ಟವೆಲು ಇಟ್ಟುಕೊಂಡು, ಮೂರು ವರ್ಷ ಬರೆದಳು. ಆ ಹಬೆ, ಆ ಬ್ಲೀಚಿಂಗ್ ಪುಡಿ ಈಗ ಅವಳ ಶ್ವಾಸಕೋಶ ತಿಂದು ಮುಗಿಸಿವೆ. ಹಾಸಿಗೆ ಪಕ್ಕದಲ್ಲಿ ಆಕ್ಸಿಜನ್ ಸಿಲಿಂಡರು. ಡಾಕ್ಟರು ಅಕ್ಕನ ಮಗಳನ್ನು ಹೊರಗೆ ಕರೆದು, ಈ ವರ್ಷ ದಾಟುವುದು ಕಷ್ಟ ಎಂದು ಹೇಳಿಯಾಗಿತ್ತು.

ಮಗಳು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ರದ್ದಿಗೆ ಹಾಕುವ ರಾಶಿಯಲ್ಲಿ ಅವಳಿಗೆ ಅಮ್ಮನ ಪುಸ್ತಕದ ಒಂದು ಪ್ರತಿ ಸಿಕ್ಕಿತು. ರಟ್ಟು ಅರ್ಧ ಕಿತ್ತು ಹೋಗಿತ್ತು, ಹೆಸರು ಉಳಿದಿತ್ತು, ಒಳಗೆ ಎಲ್ಲ ಇತ್ತು. ಒಬ್ಬ ಸಣ್ಣ ಪ್ರಕಾಶಕ ಓದಿ, ಇದ್ದ ಹೆಸರಿನಲ್ಲೇ ಮತ್ತೆ ಅಚ್ಚು ಮಾಡುತ್ತೇನೆ ಎಂದ, ಜಾಹೀರಾತೂ ಕೊಟ್ಟ. ಅಕ್ಕನಿಗೆ ಹೇಳಿದಾಗ ಅವಳು ಗೋಡೆ ನೋಡುತ್ತಾ, “ಕೈಯಲ್ಲಿ ಹಿಡ್ಕೊಂಡು ನೋಡೋ ಅಷ್ಟು ದಿನ ಇರ್ತೀನೇನೆ?” ಎಂದಳಂತೆ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಅಷ್ಟರೊಳಗೆ ಈ ನೋಟೀಸು.

ವಕೀಲೆಯ ಆಫೀಸು ಕನ್ನಡಕದ ಅಂಗಡಿಯ ಮೇಲಿತ್ತು. ಕುರ್ಚಿಗಳ ಮೇಲೆಲ್ಲ ಫೈಲು. ಎತ್ತಿ ನೆಲಕ್ಕಿಟ್ಟು ನಾವು ಕೂರಬೇಕಾಯಿತು. ಕುಳ್ಳಗಿನ ಹೆಂಗಸು, ಕೆಮ್ಮಿನ ಮಾತ್ರೆ ಚೀಪುತ್ತಾ ಮಾತಾಡುವವಳು.

“ಹೆಸರಿಗೆ ಕೃತಿಸ್ವಾಮ್ಯ ಅಂತ ಇರಲ್ಲ. ಒಳಗಿನ ಇನ್ನೂರು ಪುಟ ನಿಮ್ಮಮ್ಮಂದು. ಮೇಲಿನ ಎರಡು ಪದ ಯಾರದೂ ಅಲ್ಲ.”

“ಹಾಗಿದ್ರೆ ನಾವೂ ಇಟ್ಕೋಬಹುದಲ್ಲ ಮೇಡಂ?” ಎಂದಳು ಅಕ್ಕನ ಮಗಳು.

“ಅಷ್ಟು ಸಲೀಸಿಲ್ಲಮ್ಮ. ಒಂದು ಹೆಸರು ಕೇಳಿದ ತಕ್ಷಣ ಜನಕ್ಕೆ ಒಬ್ಬರ ಸರಕೇ ಕಣ್ಣಮುಂದೆ ಬಂದ್ರೆ, ಆ ಹೆಸರು ಹಾಕ್ಕೊಂಡು ಇನ್ನೊಬ್ಬರು ಮಾರೋ ಹಾಗಿಲ್ಲ. ಅದು ಮೋಸ.”

“ಮೊದಲು ಇಟ್ಟಿದ್ದು ನಾವು. ಅವರ ಧಾರಾವಾಹಿಗೆ ಎರಡು ವರ್ಷ, ಅಮ್ಮನ ಪುಸ್ತಕಕ್ಕೆ ನಲವತ್ತು.”

“ಮುನ್ನೂರು ಪ್ರತಿ. ಆಮೇಲೆ ನಲವತ್ತು ವರ್ಷ ಸುದ್ದಿಯೇ ಇಲ್ಲ. ಬೀದೀಲಿ ಹತ್ತು ಜನರನ್ನ ನಿಲ್ಲಿಸಿ ಕೇಳಿ, ಹತ್ತೂ ಜನ ಧಾರಾವಾಹಿ ಅಂತಾರೆ.”

“ಅಂದ್ರೆ ಕದ್ದೋನು ದೊಡ್ಡೋನಾದ್ರೆ ಕಳ್ಕೊಂಡೋನೇ ಕಳ್ಳ,” ಎಂದೆ.

“ಕಾನೂನು ಪುಸ್ತಕದಲ್ಲಿ ಇಷ್ಟು ಚೆನ್ನಾಗಿ ಬರೆದಿಲ್ಲ ಬಿಡಿ,” ಎಂದು ವಕೀಲೆ ನಕ್ಕಳು. “ಕದ್ದಿದ್ದಾರೆ ಅಂತ ಹೇಗೆ ತೋರಿಸ್ತೀರಿ? ಕತೆ ಬೇರೆ.”

ಕತೆ ಬೇರೆಯೇ. ಧಾರಾವಾಹಿಯಲ್ಲಿ ಮೈತುಂಬ ಒಡವೆ ಹೇರಿಕೊಂಡ ಹೆಂಗಸರು ಮೆಟ್ಟಿಲ ಮೇಲೆ ನಿಂತು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಾರೆ. ಅಕ್ಕ ಬರೆದದ್ದು ನಾವು ಹುಟ್ಟಿ ಬೆಳೆದ ತಗಡಿನ ಮನೆ. ಸುತ್ತ ಒಂದು ಮರವಿಲ್ಲ. ಬೇಸಗೆಯಲ್ಲಿ ಅಮ್ಮ ನಮ್ಮಿಬ್ಬರನ್ನು ಮಂಚದ ಕೆಳಗೆ ಮಲಗಿಸುತ್ತಿದ್ದಳು, ನೆರಳು ಎಂದರೆ ಅಷ್ಟೇ ಇದ್ದದ್ದು.

“ಅವರ ವಾದ ಏನಂದ್ರೆ,” ವಕೀಲೆ ಮುಂದುವರಿಸಿದಳು, “ನಿಮ್ಮ ಪುಸ್ತಕ ನಾವು ಕಂಡೇ ಇಲ್ಲ, ಮಾಮೂಲಿ ಮಾತು, ಯಾರಿಗಾದ್ರೂ ಹೊಳೆಯೋಂಥದ್ದು.” ಹಾಗೆನ್ನುತ್ತಾ ಹೆಸರನ್ನು ಮತ್ತೊಮ್ಮೆ ಜೋರಾಗಿ ಓದಿದಳು. ಮಾತ್ರೆ ಚೀಪುವುದು ನಿಂತಿತು. “ಅಲ್ಲಾ, ಇದು ಯಾವ ಸೀಮೆ ಮಾತು? ನರಳದ ಮನೆ ಅಂತಾರೆ. ನರಳಾಟ ಇಲ್ಲದ ಮನೆ ಅಂತಾರೆ. ನರಳಿಲ್ಲದ ಮನೆ ಅಂತ ಯಾರಂತಾರೆ?”

ಅಕ್ಕನ ಮಗಳು ತಲೆ ತಗ್ಗಿಸಿದಳು. “ಅದು ತಪ್ಪು ಮೇಡಂ. ಅಮ್ಮ ಬರೀಬೇಕಾಗಿದ್ದು ನೆರಳಿಲ್ಲದ ಮನೆ ಅಂತ. ನ-ಗೆ ಎತ್ವ ಕೊಡೋದು ಮರೆತಳು. ಹಾಗೇ ಅಚ್ಚಾಗಿಹೋಯ್ತು.”

ವಕೀಲೆ ಪೆನ್ನು ಕೆಳಗಿಟ್ಟಳು. ಮುಖ ಅರಳಿತು. “ಇದಕ್ಕಿಂತ ಒಳ್ಳೇ ಸಾಕ್ಷಿ ಬೇಕೇನಮ್ಮ? ಸರಿಯಾದ ಮಾತು ಹತ್ತು ಜನಕ್ಕೆ ಹೊಳೀಬಹುದು. ತಪ್ಪು ಒಬ್ಬರಿಗೇ ಸೇರಿದ್ದು. ನಿಮ್ಮಮ್ಮ ಪ್ರಮಾಣ ಮಾಡಿ, ಇದು ನನ್ನ ತಪ್ಪು ಅಂತ ಹೇಳಿಬಿಟ್ರೆ ಅವರು ಬಾಯಿ ಮುಚ್ಕೋತಾರೆ.”

ನೀರು ಕೇಳಿ ಕುಡಿದೆ.

ಅಲ್ಲೇ ಹೇಳಬೇಕಾಗಿದ್ದದ್ದು ಇದು. ಪುಸ್ತಕ ಅಚ್ಚಾದಾಗ ನನಗೆ ಇಪ್ಪತ್ತೆರಡು. ಪ್ರೆಸ್ಸಿಗೆ ಸೇರಿ ಇನ್ನೂ ಒಂದು ವರ್ಷವಾಗಿರಲಿಲ್ಲ. ಅಕ್ಕನ ಪುಸ್ತಕ ನಾನೇ ಜೋಡಿಸುತ್ತೇನೆಂದು ಹಟ ಹಿಡಿದು ತೆಗೆದುಕೊಂಡಿದ್ದೆ. ಒಳಗಿನ ಇನ್ನೂರು ಪುಟ ಕಣ್ಣಲ್ಲಿ ಕಣ್ಣಿಟ್ಟು ಜೋಡಿಸಿದೆ. ಕೊನೆಗೆ ಮುಖಪುಟ. ದೊಡ್ಡ ಮೊಳೆಗಳ ಪೆಟ್ಟಿಗೆಯಲ್ಲಿ ‘ನ’ ಮತ್ತು ‘ನೆ’ ಅಕ್ಕಪಕ್ಕದ ಖಾನೆಗಳು. ಕೈ ಪಕ್ಕದ ಖಾನೆಗೆ ಹೋಯಿತು. ಏಳೇ ಅಕ್ಷರದ ಹೆಸರು, ಅದರಲ್ಲೇನು ನೋಡುವುದು ಎಂದು ಕರಡು ಸರಿಯಾಗಿ ನೋಡಲೇ ಇಲ್ಲ. ಮುನ್ನೂರು ರಟ್ಟು ಅಚ್ಚಾಗಿ ಒಣಗಿದ ಮೇಲೆ ಮಾಲೀಕನ ಕಣ್ಣಿಗೆ ಬಿತ್ತು. ಅದೇ ಹೊತ್ತಿಗೆ ಅಕ್ಕ ಪುಸ್ತಕ ನೋಡುವ ಆಸೆಯಿಂದ ಆಸ್ಪತ್ರೆಯಿಂದ ನೇರವಾಗಿ ಬಂದು ಬಾಗಿಲಲ್ಲಿ ನಿಂತಿದ್ದಳು.

“ಯಾವನೋ ಇದು?” ಎಂದು ಮಾಲೀಕ ಕೂಗಿದ. ಹಿಂದಿನ ವಾರವಷ್ಟೇ ಇಂಥದೇ ತಪ್ಪಿಗೆ ಒಬ್ಬನನ್ನು ಕೆಲಸದಿಂದ ಕಿತ್ತುಹಾಕಿದ್ದ.

“ಹಸ್ತಪ್ರತೀಲೇ ಹಾಗಿತ್ತು,” ಎಂದೆ.

ಮಾಲೀಕ ಅಕ್ಕನ ಕಡೆ ತಿರುಗಿದ. “ನಾಲ್ಕನೇ ಕ್ಲಾಸಿನೋರು ಪುಸ್ತಕ ಬರೆಯೋಕೆ ಹೊರಟ್ರೆ ಹೀಗೇ ಆಗೋದು,” ಎಂದು ನಕ್ಕ. ಉಳಿದವರೂ ನಕ್ಕರು. ಅಕ್ಕ ನನ್ನ ಮುಖ ನೋಡಿದಳು. ನನಗೆ ಅಕ್ಷರ ತಿದ್ದಿಸಿದವಳು ಅವಳೇ, ಆದರೆ ನಾನು ಹೈಸ್ಕೂಲು ಮುಗಿಸಿದ ಮೇಲೆ, “ಇದಕ್ಕೆ ಒತ್ತು ಬರತ್ತೇನೋ? ಇಲ್ಲಿ ದೀರ್ಘ ಬೇಕೇನೋ?” ಎಂದು ನನ್ನನ್ನೇ ಕೇಳುತ್ತಿದ್ದಳು. ಅಕ್ಷರದ ವಿಷಯದಲ್ಲಿ ನಾನು ಹೇಳಿದ್ದೇ ಅವಳಿಗೆ ವೇದವಾಕ್ಯ.

“ಹೌದೇನೋ? ನಾನು ಹಾಗೆ ಬರ್ದಿದ್ನಾ?”

“ಹೌದಕ್ಕ.”

“ಇರಬಹುದು,” ಎಂದಳು.

ಆ ಸಂಜೆ ಹಸ್ತಪ್ರತಿಯ ಮೊದಲ ಹಾಳೆಯನ್ನು ಕಿತ್ತು ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ಬಂದೆ. ಸುಡಬೇಕಿತ್ತು. ಹಸ್ತಪ್ರತಿ ಸುಡುವುದು ನಮ್ಮ ಕಸುಬಿನಲ್ಲಿ ಪಾಪ ಎಂದು ಇಟ್ಟುಕೊಂಡೆ. ಸುಳ್ಳು ಹೇಳುವುದು ಪಾಪವೆಂದು ಮಾತ್ರ ಅನ್ನಿಸಿರಲಿಲ್ಲ ನೋಡಿ. ನಾನು ಹೇಡಿ. ಇದನ್ನು ಬೇರೆ ಯಾವ ಮಾತಿನಲ್ಲೂ ಹೇಳಲು ಬರುವುದಿಲ್ಲ.

ಆಮೇಲೆ ಒಂದು ಪತ್ರಿಕೆಯಲ್ಲಿ ಯಾರೋ ಪುಣ್ಯಾತ್ಮ, ವ್ಯಾಕರಣವನ್ನೇ ಮುರಿದು ಕಟ್ಟಿದ ಅದ್ಭುತ ಹೆಸರು ಎಂದು ಹೊಗಳಿದ. ಅಕ್ಕ ಅದನ್ನು ಓದಿ ಕೆನ್ನೆಗೆ ಹೊಡೆಸಿಕೊಂಡವಳಂತೆ ಕೂತಳು. “ಒಳಗೆಲ್ಲ ನೆರಳು ನೆರಳು ಅಂತ ಸರಿಯಾಗಿ ಬರ್ದು, ಹೆಸರಲ್ಲೇ ತಪ್ಪಿದ್ನಲ್ಲೋ,” ಎಂದಳು. ಎರಡನೆಯ ಕಾದಂಬರಿ ಅರ್ಧ ಬರೆದಿದ್ದಳು, ನಾಲ್ಕು ನೋಟುಪುಸ್ತಕ. ಒಂದು ದಿನ ಅವನ್ನು ಆಸ್ಪತ್ರೆಯ ಬಾಯ್ಲರ್ ಹೊತ್ತಿಸುವವನ ಕೈಗೆ ಕೊಟ್ಟುಬಿಟ್ಟಳು. “ಬರೆಯೋಕೆ ಬರದೋರಿಗೆ ಯಾಕೆ ಬೇಕು,” ಎಂದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಆ ನೋಟುಪುಸ್ತಕಗಳ ಮೇಲೆ ಏನು ಹೆಸರಿತ್ತು ಎಂದು ಕೂಡ ನನಗೆ ಗೊತ್ತಿಲ್ಲ.

ವಕೀಲೆ ಹೇಳಿದ್ದನ್ನು ಮಗಳು ಅಳುಕುತ್ತಲೇ ಅಕ್ಕನಿಗೆ ತಿಳಿಸಿದಳು. ನಾನು ಕಿಟಕಿ ಹತ್ತಿರ ನಿಂತಿದ್ದೆ. ಅಕ್ಕ ಒಪ್ಪುವುದಿಲ್ಲ, ವಿಷಯ ಅಲ್ಲಿಗೇ ಮುಗಿಯುತ್ತದೆ ಎಂದು ನಂಬಿದ್ದೆ. ನಿಜ ಹೇಳುತ್ತೇನೆ, ಹಾಗೆ ಆಗಲಿ ಎಂದು ಬೇಡಿಕೊಂಡೆ.

“ಅವರೆಲ್ಲರ ಮುಂದೆ ನಂಗೆ ಬರೆಯೋಕೆ ಬರಲ್ಲ ಅಂತ ಹೇಳ್ಬೇಕು, ಅಷ್ಟೇ ತಾನೆ?” ಎಂದಳು ಅಕ್ಕ. ಉಸಿರು ಎಳೆದುಕೊಂಡು, “ಹೇಳ್ತೀನಿ. ನಲವತ್ತು ವರ್ಷ ನುಂಗಿದ್ದು, ಒಂದ್ಸಲ ಉಗುಳಿದ್ರೆ ಏನು ಹೋಗತ್ತೆ?” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ನೀನೂ ಬಾರೋ. ನಂಗೆ ಕಣ್ಣು ಕಾಣಲ್ಲ, ಏನು ಬರ್ದಿದ್ದಾರೆ ಅಂತ ನೀನೇ ಓದಿ ಹೇಳು. ನೀನು ಓದಿದ್ರೆ ಧೈರ್ಯ,” ಎಂದಳು.

ಕಂಪನಿಯವರು ಮಾತಿಗೆ ಕರೆದದ್ದು ಅವರ ಆಫೀಸಿಗೇ. ಉದ್ದನೆಯ ಮೇಜು, ಪ್ರತಿ ಕುರ್ಚಿಯ ಮುಂದೆ ಒಂದು ನೀರಿನ ಬಾಟಲಿ, ಗೋಡೆಯ ಮೇಲೆ ಒಡವೆಯ ಹೆಂಗಸರ ಪೋಸ್ಟರು. ಪೋಸ್ಟರಿನ ತುಂಬ ನನ್ನ ತಪ್ಪು, ಒಂದೊಂದು ಅಕ್ಷರ ಒಂದೊಂದು ಮೊಳ. ಅಕ್ಕನನ್ನು ಗಾಲಿಕುರ್ಚಿಯಲ್ಲಿ ಕರೆತಂದಿದ್ದೆವು, ಸಿಲಿಂಡರು ಮಗಳ ಹೆಗಲಿನಲ್ಲಿ. ಅವರ ವಕೀಲ ಚಿಕ್ಕ ವಯಸ್ಸಿನವನು, ಎದ್ದು ಬಂದು ಅಕ್ಕನ ಕುರ್ಚಿ ಮೇಜಿಗೆ ಹತ್ತಿರ ಸರಿಸಿದ. “ಆರಾಮಾಗಿ ಕೂತ್ಕೊಳಿ ಅಮ್ಮ,” ಎಂದ. ಒಳ್ಳೆಯವನ ಹಾಗೇ ಇದ್ದ. ಬೆಣ್ಣೆಯಂಥ ಮಾತಿನವರು ಕತ್ತು ಕೊಯ್ಯುವುದು ಗೊತ್ತೇ ಆಗುವುದಿಲ್ಲ.

ನಮ್ಮ ವಕೀಲೆ ಟೈಪು ಮಾಡಿಸಿದ ಹೇಳಿಕೆಯನ್ನು ಮೇಜಿನ ಮೇಲಿಟ್ಟಳು. ಅಕ್ಕ ಅದನ್ನು ನನ್ನ ಕಡೆ ತಳ್ಳಿದಳು. “ಓದಪ್ಪ.”

ಓದಿದೆ. ವಯಸ್ಸು, ವಿಳಾಸ, ಪುಸ್ತಕದ ವರ್ಷ. ನಾಲ್ಕನೆಯ ಸಾಲಿಗೆ ಬಂದೆ. “ಶಿಕ್ಷಣದ ಕೊರತೆಯಿಂದಾಗಿ ನಾನು ನನ್ನ ಸ್ವಂತ ಕೃತಿಯ ಹೆಸರನ್ನು...”

ಅಲ್ಲಿಗೆ ನಿಲ್ಲಿಸಿದೆ. ಅಕ್ಕ ಕೈಯಲ್ಲಿ ಪೆನ್ನು ಹಿಡಿದು ಕಾಯುತ್ತಿದ್ದಳು. ಅದನ್ನು ನೆಟ್ಟಗೆ ಹಿಡಿದುಕೊಳ್ಳಲು ಎರಡೂ ಕೈ ಬೇಕಾಗಿತ್ತು ಅವಳಿಗೆ. “ಓದು, ಪರವಾಗಿಲ್ಲ,” ಎಂದು ನನಗೇ ಸಮಾಧಾನ ಹೇಳಿದಳು.

ಬೆಳಿಗ್ಗೆ ಹೊರಡುವಾಗ ಆ ಹಾಳೆಯನ್ನು ಚೀಲಕ್ಕೆ ಹಾಕಿಕೊಂಡಿದ್ದೆ. ಯಾಕೆ ಹಾಕಿಕೊಂಡೆ ಎಂದು ಆಗ ಕೇಳಿದ್ದರೆ ಹೇಳುತ್ತಿರಲಿಲ್ಲ. ತೆಗೆದು ಅಕ್ಕನ ಮುಂದಿಟ್ಟೆ.

“ಇದು ಅಕ್ಕನ ತಪ್ಪಲ್ಲ,” ಎಂದೆ. “ಮೊಳೆ ಜೋಡಿಸಿದ್ದು ನಾನು. ತಪ್ಪು ನಂದು. ಹಾಳೆ ಬಚ್ಚಿಟ್ಟಿದ್ದೂ ನಾನೇ.”

ಅಕ್ಕ ಹಾಳೆಯನ್ನು ಕಣ್ಣಿನ ಹತ್ತಿರ, ಮೂಗಿಗೆ ತಗಲುವಷ್ಟು ಹತ್ತಿರ ಹಿಡಿದಳು. ಕಾಗದ ಹಳದಿಯಾಗಿತ್ತು, ನೀಲಿ ಶಾಯಿ ಕಂದಿಹೋಗಿತ್ತು. ಅವಳ ದುಂಡನೆಯ ಅಕ್ಷರ ಹಾಗೇ ಇತ್ತು. ಮೊದಲ ಅಕ್ಷರದ ಮೇಲೆ ಬೆರಳಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

“ಎತ್ವ ಇದೆ,” ಎಂದಳು. ನನಗಲ್ಲ, ಮಗಳಿಗೆ. “ನೋಡೇ, ಎತ್ವ ಇದೆ. ನಾನು ಸರಿಯಾಗೇ ಬರ್ದಿದ್ದೆ.”

ಮಗಳು ಅತ್ತುಬಿಟ್ಟಳು. ಅಕ್ಕ ಅಳಲಿಲ್ಲ. ನನ್ನನ್ನು ನೋಡಿ, “ಯಾಕೋ?” ಎಂದಳು.

“ಹೆದರಿಕೆ ಆಯ್ತಕ್ಕ. ಕೆಲಸ ಹೋಗತ್ತೆ ಅಂತ.”

“ಮತ್ತೆ ಆಮೇಲೆ? ನೋಟ್‌ಬುಕ್ ಬಾಯ್ಲರ್‌ಗೆ ಕೊಟ್ಟೆನಲ್ಲ, ಅವತ್ತು?”

ಕೈಯಲ್ಲಿದ್ದ ಹೇಳಿಕೆಯ ಕಾಗದವನ್ನು ಎರಡಾಗಿ ಮಡಚಿದೆ.

ಕಂಪನಿಯ ವಕೀಲ ಮೆಲ್ಲಗೆ ಹಾಳೆಯ ಕಡೆ ಬಗ್ಗಿ ನೋಡಿದ. “ಅಂದ್ರೆ ಅಮ್ಮನ ಪುಸ್ತಕದ ನಿಜವಾದ ಹೆಸರು ‘ನೆರಳಿಲ್ಲದ ಮನೆ’. ನಿಮ್ಮ ಕಡೆಯೋರೇ ಹೇಳ್ತಿದ್ದಾರೆ. ಹಾಗಾದ್ರೆ ಜಗಳವೇ ಇಲ್ಲವಲ್ಲ? ಅದೇ ಹೆಸರಲ್ಲಿ ಅಚ್ಚು ಹಾಕಿಸಿ, ನಮ್ಮದೇನೂ ಅಭ್ಯಂತರವಿಲ್ಲ.”

ನಮ್ಮ ವಕೀಲೆ ನನ್ನನ್ನು ನುಂಗುವ ಹಾಗೆ ನೋಡಿದಳು. ಒಂದು ತಿಂಗಳು ಮೊದಲು, ಅವಳ ಆಫೀಸಿನಲ್ಲಿ ಹೇಳಿದ್ದರೆ ಅವಳು ಅದಕ್ಕೆ ದಾರಿ ಹುಡುಕುತ್ತಿದ್ದಳೋ ಏನೋ. ನಾನು ಎದುರಾಳಿಯ ಮನೆಯೊಳಗೆ ಕೂತು ಅವರ ಕೈಗೇ ಕೊಟ್ಟಿದ್ದೆ. ನಲವತ್ತು ವರ್ಷ ತಡಮಾಡಿ, ಕೊನೆಗೆ ಹೇಳುವಾಗಲೂ ತಪ್ಪಾದ ಜಾಗದಲ್ಲಿ ಹೇಳಿದೆ.

“ಬೇಕಾದ್ರೆ ಇನ್ನೂ ಹೋರಾಡಬಹುದಮ್ಮ,” ಎಂದಳು ವಕೀಲೆ ಅಕ್ಕನಿಗೆ. “ನಲವತ್ತು ವರ್ಷದಿಂದ ಪುಸ್ತಕ ಇದ್ದಿದ್ದು ಆ ಹೆಸರಲ್ಲೇ ಅಂತ ವಾದಿಸಬಹುದು. ಎರಡು ಮೂರು ವರ್ಷ ಹಿಡಿಯತ್ತೆ.”

“ನಂಗೆ ಎರಡು ಮೂರು ವರ್ಷ ಎಲ್ಲಿದೆ?” ಎಂದಳು ಅಕ್ಕ. “ಆ ಹೆಸರು ಅವರೇ ಇಟ್ಕೊಳ್ಳಲಿ. ಅದು ಇವನದು. ನಂದು ನಂಗೆ ಸಿಕ್ತು.”

ಒಪ್ಪಂದಕ್ಕೆ ಅವರು ಒಂದು ಮಾತು ಸೇರಿಸಿದರು. ಹಳೆಯ ಹೆಸರನ್ನಾಗಲಿ ಧಾರಾವಾಹಿಯನ್ನಾಗಲಿ ಲೇಖಕಿ, ಪ್ರಕಾಶಕರು ಪುಸ್ತಕದಲ್ಲಿ ಅಥವಾ ಬೇರೆಲ್ಲೂ ಪ್ರಸ್ತಾಪಿಸಬಾರದು. ಅಕ್ಕ ಸಹಿ ಮಾಡಿದಳು. ಒಂದೊಂದು ಅಕ್ಷರ ನಿಧಾನವಾಗಿ, ಯಾವುದೂ ಬಿಟ್ಟುಹೋಗದ ಹಾಗೆ.

ಆವತ್ತಿನಿಂದ ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ದಿನಾ ಹೋಗಿ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು ಬರುತ್ತಿದ್ದೆ. ಹೋಗು ಎನ್ನಲಿಲ್ಲ, ಬಾ ಎನ್ನಲೂ ಇಲ್ಲ. ಕರಡು ಬಂದಾಗ ಮಗಳು ಅಭ್ಯಾಸಬಲದಿಂದ ನನ್ನ ಕೈಗೆ ಕೊಡಲು ಹೋದಳು. ಅಕ್ಕ ಮೂಗಿನ ಮೇಲಿನ ಆಕ್ಸಿಜನ್ ಮುಸುಕು ಸರಿಸಿ, “ಅವನ ಕೈಗೆ ಕೊಡ್ಬೇಡ,” ಎಂದಳು. ಜಗತ್ತಿನ ತಪ್ಪೆಲ್ಲ ತಿದ್ದಿದ ನಾನು ಸ್ಟೂಲಿನ ಮೇಲೆ ಕೂತು, ಅಕ್ಕನ ಮಗಳು ಬೆರಳಿಟ್ಟು ಒಂದೊಂದೇ ಸಾಲು ಜೋರಾಗಿ ಓದುವುದನ್ನು ಕೇಳಿಸಿಕೊಂಡೆ. ಒಂದು ಕಡೆ ಅವಳು ಅಲ್ಪವಿರಾಮ ಬಿಟ್ಟಳು. ಹೇಳಲು ಬಾಯಿ ತೆರೆದು ಮುಚ್ಚಿಕೊಂಡೆ.

ಪುಸ್ತಕ ಬಂತು. ಅಕ್ಕ ಅದನ್ನು ದಿನವಿಡೀ ಹೊಟ್ಟೆಯ ಮೇಲೆ ಇಟ್ಟುಕೊಂಡಿರುತ್ತಿದ್ದಳು. ಉಸಿರಿನ ಜೊತೆ ಅದೂ ಏರಿ ಇಳಿಯುತ್ತಿತ್ತು. ಆಗಾಗ ಮುಖಪುಟದ ಮೊದಲ ಅಕ್ಷರವನ್ನು ಮುಟ್ಟಿ ನೋಡುತ್ತಿದ್ದಳು.

ಮೂರು ವಾರ ಕಳೆದ ಮೇಲೆ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಜನಪ್ರಿಯ ಧಾರಾವಾಹಿಯೊಂದರ ಹೆಸರನ್ನು ಎತ್ತಿಕೊಂಡು ಓದುಗರನ್ನು ಸೆಳೆಯಲು ಹೊರಟಿರುವ ಕಾದಂಬರಿ. ಕದ್ದ ಹೆಸರನ್ನು ನೆಟ್ಟಗೆ ಬರೆಯಲೂ ಬಂದಿಲ್ಲ, ಮುಖಪುಟದಲ್ಲೇ ಅಚ್ಚಿನ ತಪ್ಪು. ಒಳಗೆ ಹೇಗಿರಬಹುದು ಓದುಗರೇ ಊಹಿಸಲಿ. ಅಷ್ಟೇ. ಬರೆದವನು ಒಳಗಿನ ಒಂದು ಪುಟವನ್ನೂ ತಿರುವಿರಲಿಲ್ಲ.

ಪತ್ರಿಕೆಯನ್ನು ಮಡಚಿ ಅಂಗಿಯೊಳಗೆ ಇಟ್ಟುಕೊಂಡೆ. ಅಕ್ಕನಿಗೆ ತೋರಿಸಬಾರದು, ಸಾಯುವ ಕಾಲಕ್ಕೆ ಯಾಕೆ ಬೇಕು ಎಂದುಕೊಂಡೆ. ಮೆಟ್ಟಿಲು ಹತ್ತುವಾಗ ಎದೆಗೆ ಕಾಗದ ಒತ್ತಿತು. ನಲವತ್ತು ವರ್ಷದ ಹಿಂದಿನ ಆ ಸಂಜೆ ಪ್ರೆಸ್ಸಿನಿಂದ ಬರುವಾಗಲೂ ಇದೇ ಜಾಗದಲ್ಲಿ ಒಂದು ಕಾಗದವಿತ್ತು. ಅಲ್ಲೇ ಸ್ವಲ್ಪ ಹೊತ್ತು ಕಂಬಿ ಹಿಡಿದು ನಿಂತೆ.

ಒಳಗೆ ಹೋಗಿ, ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡು, ಆ ನಾಲ್ಕು ಸಾಲನ್ನೂ ಅಕ್ಕನಿಗೆ ಓದಿ ಹೇಳಿದೆ. ಒಂದು ಅಕ್ಷರ ಬಿಡಲಿಲ್ಲ. ಮಗಳು ನನ್ನನ್ನು ಹೊಡೆಯುವ ಹಾಗೆ ನೋಡುತ್ತಿದ್ದಳು.

ಅಕ್ಕ ಕಣ್ಣು ಮುಚ್ಚಿಕೊಂಡೇ ಕೇಳಿದಳು. ತುಟಿಯ ಒಂದು ಮೂಲೆ ಸ್ವಲ್ಪ ನಕ್ಕಂತೆ ಕಂಡಿತು, ಅಥವಾ ಉಸಿರಿಗೆ ಒದ್ದಾಡಿತೋ. ಮುಸುಕು ಸರಿಸಿದಳು. ಆರು ತಿಂಗಳ ಮೇಲೆ ನನ್ನ ಜೊತೆ ಮಾತಾಡಿದಳು.

“ಹೇಳು ಹೋಗು ಅವರಿಗೆ,” ಎಂದಳು. “ಹಸ್ತಪ್ರತೀಲೇ ಹಾಗಿತ್ತು ಅಂತ.”

ಅಲ್ಲೇ ಕೂತು ಬರೆದೆ. ಒಪ್ಪಂದದಲ್ಲಿ ನನ್ನ ಸಹಿ ಇರಲಿಲ್ಲ. ಪತ್ರಿಕೆಯ ಸಂಪಾದಕರಿಗೆ ಒಂದೇ ಸಾಲು, ಮುಖಪುಟದಲ್ಲಿ ತಪ್ಪಿಲ್ಲ, ಹಸ್ತಪ್ರತಿಯಲ್ಲೇ ಹಾಗಿತ್ತು. ಕೆಳಗೆ, ಮೊದಲ ಮುದ್ರಣದ ಮೊಳೆ ಜೋಡಿಸಿದವನು ಎಂದು ಸಹಿ ಹಾಕಿದೆ. ನಾನೇ ಹೋಗಿ ಪತ್ರಿಕೆಯ ಆಫೀಸಿನ ಪೆಟ್ಟಿಗೆಗೆ ಹಾಕಿ ಬಂದೆ.

ಮರುದಿನ ಬೆಳಿಗ್ಗೆ ನಾನು ಪತ್ರಿಕೆ ಹಿಡಿದು ಬಂದಾಗ ಅಕ್ಕ, “ಬಂತಾ?” ಎಂದಳು. ಇಲ್ಲ ಎಂದೆ. ಅದರ ಮರುದಿನವೂ ಕೇಳಿದಳು. ಹಾಗೆ ಹದಿನೊಂದು ದಿನ ಕೇಳಿದಳು, ಕೊನೆಯ ಎರಡು ದಿನ ಬರೀ ಹುಬ್ಬೆತ್ತಿ. ಹನ್ನೆರಡನೆಯ ದಿನ ನಾನು ಹೋಗುವಷ್ಟರಲ್ಲಿ ಮಗಳು ಸಿಲಿಂಡರಿನ ತಿರುಗಣೆ ಮುಚ್ಚುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು, ಯಾರೂ ಕೇಳದೆಯೇ, “ಇವತ್ತೂ ಬಂದಿಲ್ಲಕ್ಕ,” ಎಂದೆ.